ಅಲ್ಲಿನವರಿಗೂ ಇದೇ ಶಿಲುಬೆಯೇ?

ಕೇಳುಗರಿಗೆ ನಮಸ್ಕಾರ.

ಬೈಬಲಿನ ಮೊದಲ ಅಧ್ಯಾಯದಲ್ಲಿ ಸೂರ್ಯಚಂದ್ರರಿಗೆ ಸಿಕ್ಕ ಜಾಗ ನಕ್ಷತ್ರಗಳಿಗೆ ಸಿಕ್ಕಿಲ್ಲ. ಅವನ್ನೂ ದೇವರೇ ಉಂಟುಮಾಡಿದರು ಎಂಬ ಒಂದು ಮಾತು, ಅಷ್ಟೇ. ಅವುಗಳ ಸುತ್ತ ಯಾರಾದರೂ ವಾಸವಾಗಿದ್ದಾರೆಯೇ ಎಂಬುದಕ್ಕೆ ಅಲ್ಲಿ ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಹಾಗಾಗಿ ಮಂಗಳೂರಿನ ಪಿಲಿಕುಳದ ತಾರಾಲಯ ನೋಡಿ ಬಂದ ಮಗು ಭಾನುವಾರದ ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ, “ಬೇರೆ ಗ್ರಹದಲ್ಲಿ ಜನ ಇದ್ದರೆ ಯೇಸುಸ್ವಾಮಿ ಅವರಿಗೋಸ್ಕರವೂ ಪ್ರಾಣ ಕೊಟ್ಟರಾ ಟೀಚರ್?” ಎಂದು ಕೇಳಿದರೆ, ಪುಟ ತಿರುವಿ ಇಗೋ ಇಲ್ಲಿದೆ ಎಂದು ತೋರಿಸುವಂತಿಲ್ಲ. ಹಾಗೆಂದು ಪ್ರಶ್ನೆ ಹೊಸದೇನಲ್ಲ. 1463ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಸಂನ್ಯಾಸಿ ಗಿಯೋಮ್ ದ ವೊರಿಯೋಂ ಇದನ್ನೇ ಕೇಳಿಕೊಂಡಿದ್ದರು.

ಮೊದಲು ಜೀವ ಬೇರೆ, ಬುದ್ಧಿಯುಳ್ಳ ಜೀವ ಬೇರೆ ಎಂದು ಬಿಡಿಸಿಕೊಳ್ಳಬೇಕು. 2024ರ ಅಕ್ಟೋಬರಿನಲ್ಲಿ ಹೊರಟ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುಗ್ರಹವನ್ನು ತಲುಪಬೇಕು. ಯುರೋಪಾ ಎಂಬ ಉಪಗ್ರಹದ ಹಿಮದಡಿಯ ಕಡಲು ಜೀವಕ್ಕೆ ಒಗ್ಗುವಂಥದ್ದೇ ಎಂದು ನೋಡುವುದು ಅದರ ಕೆಲಸ. ಮುಂದೊಂದು ದಿನ ಅಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಜೀವಶಾಸ್ತ್ರದ ಪಠ್ಯ ತಿದ್ದಬೇಕಾದೀತು, ಧರ್ಮೋಪದೇಶದ ಪಠ್ಯ ತಿದ್ದಬೇಕಾಗಿಲ್ಲ. ಪಾಪ ಮಾಡಲು ತಿಳಿವಳಿಕೆ ಬೇಕು, ಸ್ವಂತ ಇಚ್ಛೆ ಬೇಕು. ಪಾಪವಿಲ್ಲದಲ್ಲಿ ವಿಮೋಚನೆಯ ಮಾತೂ ಇಲ್ಲ. 2025ರ ಏಪ್ರಿಲಿನಲ್ಲಿ ಸುದ್ದಿಯಾದ, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ಕಥೆಯೂ ಇಷ್ಟೇ. ನಮ್ಮ ಕಡಲಿನಲ್ಲಿ ಪ್ಲವಕಗಳೆಂಬ ತೇಲುವ ಸೂಕ್ಷ್ಮಜೀವಿಗಳಿಂದ ಹುಟ್ಟುವ ಡೈಮೀಥೈಲ್ ಸಲ್ಫೈಡ್ ಅನಿಲದ ಸುಳಿವು ಅಲ್ಲಿದೆ ಎಂದು ನಿಕ್ಕು ಮಧುಸೂದನ್ ಅವರ ಕೇಂಬ್ರಿಜ್ ತಂಡ ಹೇಳಿತು. ಫಲಿತಾಂಶ ಎಷ್ಟು ಖಚಿತ ಎಂದು ಅಳೆಯುವ ಲೆಕ್ಕದಲ್ಲಿ ಆ ಸುಳಿವಿನ ಬಲ ಮೂರು ಸಿಗ್ಮಾ. ಶೋಧ ಎಂದು ಒಪ್ಪಲು ಐದು ಬೇಕೆನ್ನುವುದು ರೂಢಿ. ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿದ ಬೇರೆ ತಂಡಗಳು ಇಷ್ಟು ಸಾಲದು ಎಂದವು. ಇಂಥ ಸುದ್ದಿಗೆ ಚರ್ಚುಗಳು ಹೇಳಿಕೆ ಕೊಡಲು ಅವಸರಪಡಬೇಕಿಲ್ಲ.

ಇನ್ನು ಬುದ್ಧಿಯುಳ್ಳವರ ವಿಷಯ. ಭೂಮಿಯೊಂದೇ ಲೋಕ ಎಂಬುದು ಕ್ರೈಸ್ತರ ಹಳೆಯ ಹಟ ಎಂದು ತಿಳಿದವರು ಹೆಚ್ಚು. ಆ ವಾದ ಮೂಲದಲ್ಲಿ ಅರಿಸ್ಟಾಟಲನದು. ಮಣ್ಣು ಸಹಜವಾಗಿ ಲೋಕದ ನಡುವಿಗೆ ಬೀಳುತ್ತದೆ, ಲೋಕ ಎರಡಾದರೆ ನಡುವೂ ಎರಡು, ಆಗ ಮಣ್ಣು ಯಾವ ಕಡೆ ಬೀಳಬೇಕು? ಆದ್ದರಿಂದ ಎರಡನೆಯ ಲೋಕ ಅಸಾಧ್ಯ ಎಂದನಾತ. ಮಧ್ಯಯುಗದ ಧರ್ಮಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರೂ ಲೋಕ ಒಂದೇ ಎಂದು ವಾದಿಸಿದ್ದರು. ಆದರೆ 1277ರ ಮಾರ್ಚ್ 7ರಂದು ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೆ ಖಂಡಿಸಿದ 219 ವಾಕ್ಯಗಳಲ್ಲಿ, ದೇವರು ಅನೇಕ ಲೋಕಗಳನ್ನು ಮಾಡಲಾರರು ಎಂಬುದೂ ಒಂದು. ಲೋಕಗಳು ಅನೇಕ ಇವೆ ಎಂದು ಬಿಷಪರು ಹೇಳಲಿಲ್ಲ, ದೇವರ ಕೈ ಕಟ್ಟಬೇಡಿ ಎಂದರು. 1440ರಲ್ಲಿ ಕೂಸಾದ ನಿಕೋಲಸ್ ಬೇರೆ ನಕ್ಷತ್ರಗಳಲ್ಲೂ ನಿವಾಸಿಗಳಿರಬಹುದು ಎಂದು ಬರೆದರು. ಎಂಟು ವರ್ಷಕ್ಕೆ ಅವರಿಗೆ ಕಾರ್ಡಿನಲ್ ಪದವಿ ಬಂತು. 1600ರಲ್ಲಿ ರೋಮಿನಲ್ಲಿ ತತ್ವಜ್ಞಾನಿ ಜೋರ್ಡಾನೊ ಬ್ರೂನೊನನ್ನು ಸುಟ್ಟದ್ದು ಘೋರವೇ. ಅವನ ಮೇಲಿನ ಆರೋಪಗಳಲ್ಲಿ ಅನೇಕ ಲೋಕಗಳ ಮಾತೂ ಇತ್ತು. ಆದರೆ ತ್ರಿತ್ವವನ್ನೂ ಕ್ರಿಸ್ತನ ದೈವತ್ವವನ್ನೂ ಅಲ್ಲಗಳೆದ ಎಂಬ ಆರೋಪಗಳನ್ನು ಮರೆತು ಕಥೆ ಹೇಳಬಾರದು.

ನಿಜವಾದ ತೊಡಕು ಇರುವುದು ಎರಡು ಪದಗಳಲ್ಲಿ: ಒಂದೇ ಸಾರಿ. ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿಕೊಂಡನು ಎಂಬುದು ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯದ ತಿರುಳು. ಪ್ರೊಟೆಸ್ಟೆಂಟ್ ಸುಧಾರಕ ಲೂಥರನ ಸಂಗಾತಿ ಮೆಲಾಂಕ್ಟನ್ ಇದನ್ನೇ ಹಿಡಿದು, ಬೇರೆ ಲೋಕಗಳಿದ್ದರೆ ಕ್ರಿಸ್ತನು ಅಲ್ಲಲ್ಲಿ ಮತ್ತೆ ಮತ್ತೆ ಸಾಯಬೇಕಾದೀತು, ಆದ್ದರಿಂದ ಬೇರೆ ಲೋಕಗಳೇ ಇಲ್ಲ ಎಂದು ವಾದಿಸಿದ. ವೊರಿಯೋಂ ಹಾಗೆ ಹೆದರಲಿಲ್ಲ. ಇಲ್ಲಿನ ಮರಣ ಎಷ್ಟು ಲೋಕಗಳಿದ್ದರೂ ಸಾಕು, ಇನ್ನೊಂದು ಕಡೆ ಹೋಗಿ ಸಾಯುವುದು ತಕ್ಕದ್ದಲ್ಲ ಎಂದರು. ಅವರ ಕಡೆಗೆ ಕೊಲೊಸ್ಸೆಯವರಿಗೆ ಬರೆದ ಪತ್ರದ 1ನೆಯ ಅಧ್ಯಾಯ ನಿಲ್ಲುತ್ತದೆ: ಭೂಲೋಕ ಪರಲೋಕಗಳ ಸಮಸ್ತವೂ ಆ ಶಿಲುಬೆಯ ರಕ್ತದಿಂದ ಸಮಾಧಾನ ಪಡೆಯಿತು. ಒಪ್ಪಬಹುದಾದ ಮಾತೇ. ಆದರೆ ಸುದ್ದಿ ಮುಟ್ಟಿಸುವವರು ಯಾರು? ಕೆ2-18ಬಿಗಾದರೆ ಬೆಳಕೇ 124 ವರ್ಷ ನಡೆಯಬೇಕಾದ ದಾರಿ ಅದು.

ಅಲ್ಲಿನವರು ಪಾಪದಲ್ಲಿ ಬಿದ್ದೇ ಇಲ್ಲದಿರಬಹುದು ಎಂಬುದು ಇನ್ನೊಂದು ಉತ್ತರ. ವ್ಯಾಟಿಕನ್ ವೀಕ್ಷಣಾಲಯವನ್ನು ನಡೆಸುವುದು ಯೇಸುಸಭೆ, ನಮ್ಮ ಬಾವುಟಗುಡ್ಡೆಯ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಆರಂಭಿಸಿದ ಅದೇ ಜೆಸ್ವಿಟರು. ಆ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫಾದರ್ ಹೊಸೆ ಫುನೆಸ್ 2008ರಲ್ಲಿ ಕಳೆದುಹೋದ ಕುರಿಯ ಸಾಮತಿಯನ್ನು ನೆನಪಿಸಿದರು. ನೂರರಲ್ಲಿ ತಪ್ಪಿಸಿಕೊಂಡ ಆ ಒಂದು ಕುರಿ ನಾವೇ ಆಗಿರಬಹುದಲ್ಲ?

ಮೂರನೆಯ ಉತ್ತರ ಕರಾವಳಿಯ ಕಿವಿಗೆ ತೀರಾ ಸಲೀಸು: ದೇವರು ಅಲ್ಲಿಯೂ ಅವತರಿಸಲಿ. ದಶಾವತಾರದ ಆಟ ನೋಡಿ ಬೆಳೆದ ಊರಿದು, ಕನ್ನಡದ ಕ್ರೈಸ್ತರೂ ‘ಮನುಷ್ಯಾವತಾರ’ ಎಂದೇ ಅನ್ನುತ್ತಾರೆ. ಪದ ಒಂದಾದರೂ ಅರ್ಥ ಒಂದಲ್ಲ. ಮತ್ಸ್ಯವೋ ವರಾಹವೋ ಕೆಲಸ ಮುಗಿದ ಮೇಲೆ ರೂಪ ಬಿಡುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ದೇವಪುತ್ರ ತೊಟ್ಟ ಮನುಷ್ಯಸ್ವಭಾವವನ್ನು ಪುನರುತ್ಥಾನದ ಮೇಲೂ ಕಳಚಿಲ್ಲ, ಎಂದೆಂದಿಗೂ ಕಳಚುವುದಿಲ್ಲ. ಹತ್ತು ಗ್ರಹಗಳಲ್ಲಿ ಅವತರಿಸಿದರೆ ಹತ್ತು ಸ್ವಭಾವಗಳೂ ಒಬ್ಬರಲ್ಲೇ ಶಾಶ್ವತವಾಗಿ ಉಳಿಯಬೇಕು. ವಿಚಿತ್ರವೆಂದರೆ ಅಕ್ವಿನಾಸರು ಇದಕ್ಕೆ ಅಡ್ಡ ಬರುವುದಿಲ್ಲ. ದೇವರ ಶಕ್ತಿ ಒಂದು ಸ್ವಭಾವವನ್ನು ಧರಿಸಿ ಬರಿದಾಗುವುದಿಲ್ಲ, ಇನ್ನೊಂದನ್ನೂ ಧರಿಸಬಲ್ಲದು ಎಂದು ಅವರು ಬರೆದಿದ್ದಾರೆ. ಅವರು ಯೋಚಿಸುತ್ತಿದ್ದದ್ದು ಎರಡನೆಯ ಮನುಷ್ಯಸ್ವಭಾವದ ಬಗ್ಗೆ. ಅನ್ಯಗ್ರಹಕ್ಕೆ ಅದನ್ನು ಎಳೆದವರು ನಂತರದವರು.

ಪಾಠ ಮಾಡುವವರು ಎಡವುವ ಒಂದು ಜಾಗವಿದೆ. ಯೋಹಾನನ 10ನೆಯ ಅಧ್ಯಾಯದ 16ನೆಯ ವಚನದಲ್ಲಿ ಬರುವ ‘ಈ ಹಟ್ಟಿಗೆ ಸೇರದ ಕುರಿಗಳು’ ಅನ್ಯಗ್ರಹದವರಲ್ಲ. ಅವರು ಯೆಹೂದ್ಯರಲ್ಲದ ಜನ, ಅಂದರೆ ನಾವೇ.

ಕೊನೆಗೆ ದೀಕ್ಷಾಸ್ನಾನ. 2014ರ ಮೇ 12ರಂದು ಪೋಪ್ ಫ್ರಾನ್ಸಿಸ್, ಮಂಗಳಗ್ರಹದವರು ಬಂದು ದೀಕ್ಷೆ ಕೇಳಿದರೆ ಏನು ಮಾಡುತ್ತೀರಿ ಎಂದು ಪ್ರವಚನದಲ್ಲಿ ಕೇಳಿದ್ದು ದೊಡ್ಡ ಸುದ್ದಿಯಾಯಿತು. ಅವರ ವಿಷಯ ಮಂಗಳಗ್ರಹವಾಗಿರಲಿಲ್ಲ. ಯೆಹೂದ್ಯರಲ್ಲದವರ ಮನೆಯಲ್ಲಿ ಉಂಡದ್ದಕ್ಕೆ ಯೇಸುವಿನ ಶಿಷ್ಯ ಪೇತ್ರ ಸಮಜಾಯಿಷಿ ಕೊಡುವ ಅಂದಿನ ವಾಚನಕ್ಕೆ ಅದೊಂದು ಉಪಮೆ. ನಿಯಮದ ಪ್ರಕಾರವೇ ಹೋದರೆ ಸುಲಭವಿಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 864ನೆಯ ವಿಧಿಯಂತೆ ದೀಕ್ಷೆ ಪಡೆಯಬಲ್ಲವನು ಇನ್ನೂ ದೀಕ್ಷೆಯಾಗದ ಮನುಷ್ಯ ಮಾತ್ರ. ಮೂಲ ಲ್ಯಾಟಿನ್ನಿನಲ್ಲಿರುವುದು ‘ಹೋಮೊ’. ಆ ಪದದೊಳಗೆ ಯಾರೆಲ್ಲ ಹಿಡಿಸುತ್ತಾರೆ ಎಂಬುದೇ ಮೊದಲ ವ್ಯಾಜ್ಯವಾದೀತು. 849ನೆಯ ವಿಧಿ ನಿಜವಾದ ನೀರೇ ಬೇಕು ಅನ್ನುತ್ತದೆ. ಶನಿಯ ಉಪಗ್ರಹ ಟೈಟನ್ನಿನಲ್ಲಿ ಸುಮಾರು ಮೈನಸ್ 179 ಡಿಗ್ರಿ ಚಳಿ. ಅಲ್ಲಿನ ಕೆರೆಗಳಲ್ಲಿರುವುದು ದ್ರವ ಮೀಥೇನ್, ನೀರು ಬಂಡೆಗಲ್ಲು. ಆ ಬಂಡೆ ಒಡೆದು ಕರಗಿಸಿಕೊಂಡರೂ, ಹೊಯ್ಯುವ ನೀರು ಅಲ್ಲಿನವರ ಮೈಗಿಂತ ಸುಮಾರು 180 ಡಿಗ್ರಿ ಬಿಸಿ ಇರುತ್ತದೆ.

ನಮಸ್ಕಾರ.