ಯಾರ ಜೊತೆ ಜಗಳ ಆಡಿ ಹೋದ್ರಿ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ, ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕ್ಯಾಷಿಯರ್. ಇಬ್ಬರೂ ನಿವೃತ್ತರಾದ ಮೇಲೆ, 2022ರ ಜೂನ್‌ನಿಂದ ಎರಡು ವರ್ಷ ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರದಲ್ಲಿ ಸೇವೆಗೆ ಹೋಗಿದ್ದೆವು. ಅದರ ಬಗ್ಗೆ ನಾಲ್ಕು ಮಾತು ಆಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಪ್ರವಚನ ನನಗೆ ಬರಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಿವೃತ್ತಿಯಾಗಿ ಸೇವೆಗೆ ಬಂದವರನ್ನು ಅಲ್ಲಿ ವಾನಪ್ರಸ್ಥಿ ಕಾರ್ಯಕರ್ತರು ಅನ್ನುತ್ತಾರೆ. ಈ ಒಂದು ಪದ ನಮ್ಮ ಮನೆಯಲ್ಲಿ ಏನೆಲ್ಲಾ ರಾದ್ಧಾಂತ ಮಾಡಿತು ಗೊತ್ತಾ? ನಮ್ಮ ನಾದಿನಿ ಸುದ್ದಿ ಕೇಳಿದ ಕೂಡಲೇ ಆಟೋ ಹತ್ತಿ ಬಂದಳು. ನನ್ನನ್ನು ಅಡುಗೆಮನೆಗೆ ಎಳಕೊಂಡು ಹೋಗಿ, ಬಾಗಿಲು ಮುಂದಕ್ಕೆ ಮಾಡಿ, ಮೆಲ್ಲಗೆ ಕೇಳಿದಳು. "ನಿಜ ಹೇಳ್ರಿ ಅತ್ತಿಗೆ, ಸೊಸೆ ಏನಾದ್ರೂ ಅಂದ್ಲಾ?" ಆ ಹೊತ್ತಿಗೆ ಆ ಪಾಪದ ಸೊಸೆ ಹೊರಗೆ ಕೂತು ನಮ್ಮ ಬ್ಯಾಗಿಗೆ ಶೇಂಗಾ ಚಟ್ನಿಪುಡಿ ತುಂಬುತ್ತಿದ್ದಳು. ಬೀದಿಯವರದೂ ಅದೇ ಪ್ರಶ್ನೆ. ಕಾಶಿಗೆ ಹೋಗಿ ಹತ್ತು ದಿನ ಇದ್ದು ಬಂದರೆ ಪುಣ್ಯವಂತರು. ಅದೇ ಎರಡು ವರ್ಷ ಹೋಗಿ ಕೆಲಸ ಮಾಡ್ತೀವಿ ಅಂದರೆ ಮಗ ಹೊರಗೆ ಹಾಕಿರಬೇಕು. ನಮ್ಮ ಜನದ ಲೆಕ್ಕ ಇದು, ಏನು ಮಾಡೋದು.

ಬೆಂಗಳೂರಿಗೆ ಹೋಗಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದೆವು. ಅಲ್ಲಿಂದ ಸುಮಾರು 20 ಗಂಟೆ. ಸೇಲಂ, ಪಾಲಕ್ಕಾಡ್, ಎರ್ನಾಕುಲಂ, ತಿರುವನಂತಪುರ ಎಲ್ಲಾ ದಾಟಿ ಕೊನೆಗೆ ಹಳಿಯೇ ಮುಗಿದುಹೋಗುವ ಸ್ಟೇಷನ್. ಅದರ ಮುಂದೆ ಸಮುದ್ರವೇ.

ಸೇವೆ ಅಂದರೆ ಧ್ಯಾನ, ಗ್ರಂಥ, ಸತ್ಸಂಗ ಅಂತ ನಾನು ಅಂದುಕೊಂಡಿದ್ದೆ. ಅವೂ ಇದ್ದವು, ಬೆಳಗಿನ ಜಾವ ಎದ್ದು ಪ್ರಾರ್ಥನೆಗೆ ಹೋಗುತ್ತಿದ್ದೆವು. ಆದರೆ ದಿನದ ಮಿಕ್ಕ ಹೊತ್ತೆಲ್ಲಾ ಬೀಗದ ಕೈ, ಬಕೆಟ್ಟು, ದಿಂಬಿನ ಕವರು. ದೇಶದ ಮೂಲೆಮೂಲೆಯಿಂದ ಯಾತ್ರಿಕರು ಬಂದು ಅಲ್ಲಿ ತಂಗುತ್ತಾರೆ. ನಮ್ಮವರಿಗೆ ರೂಮಿನ ಬೀಗದ ಕೈಗಳ ಕೆಲಸ ಸಿಕ್ಕಿತು. ಕಲಿಸಿಕೊಟ್ಟವನು 24 ವರ್ಷದ ಹುಡುಗ. 36 ವರ್ಷ ನೋಟು ಎಣಿಸಿದ ಮನುಷ್ಯ ಆ ಹುಡುಗನ ಎದುರು ಕೈಕಟ್ಟಿ ನಿಂತು "ಇದನ್ನ ಯಾವ ಮೊಳೆಗೆ ಹಾಕಬೇಕು ತಮ್ಮಾ" ಅಂತ ಕೇಳುವುದನ್ನು ನಾನು ಕಂಬದ ಮರೆಯಿಂದ ನೋಡಿ ನಕ್ಕಿದ್ದೇನೆ. ಮನೆಯಲ್ಲಿ ನಾನು ಏನಾದರೂ ಹೇಳಿಕೊಟ್ಟರೆ ಒಂದು ದಿನವೂ ಹಾಗೆ ನಿಂತವರಲ್ಲ.

ನನಗೆ ಕನ್ನಡದವರನ್ನು ನೋಡಿಕೊಳ್ಳುವ ಕೆಲಸ. ಬಂಡೆಗೆ ಹೋಗುವ ಬೋಟು ಎಷ್ಟೊತ್ತಿಗೆ, ಊಟ ಎಲ್ಲಿ, ಸೂರ್ಯೋದಯಕ್ಕೆ ಎಲ್ಲಿ ನಿಲ್ಲಬೇಕು, ಇಷ್ಟೇ. ಸುಲಭ ಅನ್ನಿಸುತ್ತೆ ಅಲ್ವಾ? ಗಾಳಿ ಜೋರಾದರೆ, ಇಲ್ಲ ನೀರು ಕಮ್ಮಿಯಾದರೆ ಬೋಟು ನಿಲ್ಲಿಸುತ್ತಾರೆ. ಬೀದರಿನಿಂದಲೋ ಬೆಳಗಾವಿಯಿಂದಲೋ ಎರಡು ದಿನ ಕೂತು ಬಂದವರಿಗೆ "ಇವತ್ತು ಬೋಟಿಲ್ಲ" ಅಂತ ಹೇಳಿ ನೋಡಿ. ಸಮುದ್ರವನ್ನು ನಾನೇ ಹಿಂದಕ್ಕೆ ಎಳೆದೆನೇನೋ ಅನ್ನುವ ಹಾಗೆ ನನ್ನ ಮೇಲೆ ರೇಗುತ್ತಿದ್ದರು. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದ್ದು ಆಗ ಉಪಯೋಗಕ್ಕೆ ಬಂತು. ರೇಗುವವರಿಗೆ ಮೊದಲು ನೀರು ಕೊಡಬೇಕು, ಮಾತು ಆಮೇಲೆ.

ಆ ಬಂಡೆಯ ಕಥೆ ನಿಮಗೆ ಗೊತ್ತಿರುತ್ತೆ. ವಿವೇಕಾನಂದರು 1892ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಧ್ಯಾನಕ್ಕೆ ಕೂತಿದ್ದರು. ಅಲ್ಲಿ ಸ್ಮಾರಕ ಆಗಿದ್ದು 1970ರಲ್ಲಿ, ಏಕನಾಥ ರಾನಡೆಯವರ ಓಡಾಟದಿಂದ. ಕೇಂದ್ರ ಹುಟ್ಟಿದ್ದು ಅದಾದ ಮೇಲೆ, 1972ರಲ್ಲಿ. ಸ್ಮಾರಕಕ್ಕೆ ಸರ್ಕಾರಗಳೂ ದುಡ್ಡು ಕೊಟ್ಟವು. ಜೊತೆಗೆ ದೇಶದ ತುಂಬಾ ಜನರ ಹತ್ತಿರ ಒಂದೊಂದು ರೂಪಾಯಿ ಎತ್ತಿದರು, ಹಾಗೆ ಕೊಟ್ಟವರೇ ಲಕ್ಷಗಟ್ಟಲೆ. ನಮ್ಮ ಮಾವನವರು ಹಳೇ ದಾವಣಗೆರೆಯಲ್ಲಿ ಕಾಟನ್ ಮಿಲ್ಲಿನ ಕೆಲಸಗಾರರು. ಅವರೂ ಒಂದು ರೂಪಾಯಿ ಕೊಟ್ಟಿದ್ದರು ಅಂತ ನಮ್ಮವರ ನಂಬಿಕೆ. ಚೀಟಿ ಇಲ್ಲ, ಸಾಕ್ಷಿ ಇಲ್ಲ. ಐದು ಪೈಸೆ ಲೆಕ್ಕ ತಪ್ಪಿದರೂ ರಾತ್ರಿ ನಿದ್ದೆ ಮಾಡದ ಕ್ಯಾಷಿಯರ್ ಈ ಒಂದು ರೂಪಾಯಿಗೆ ಮಾತ್ರ ರಸೀದಿ ಕೇಳಲಿಲ್ಲ. ಮೊದಲ ಸಲ ಬಂಡೆಗೆ ಹೋದಾಗ ಮಂಟಪದ ಒಂದು ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಬಿಸಿಲಿಗೆ ಕಲ್ಲು ಕಾದಿತ್ತು. "ಕೈ ಸುಡಲ್ವಾ ರೀ" ಅಂದೆ. ಅವರು ಮಾತಾಡಲಿಲ್ಲ.

ಊಟದ ವಿಷಯ ಹೇಳಬಾರದು, ಆದರೂ ಹೇಳ್ತೀನಿ. ಕುಸುಬಲಕ್ಕಿ ಅನ್ನ ಒಂದು ತಿಂಗಳು ಗಂಟಲಲ್ಲಿ ಇಳಿಯಲಿಲ್ಲ. ಒಂದು ಸಲ ಮಗ ಬಂದಾಗ ಊರಿನ ಮಂಡಕ್ಕಿ ತಂದಿದ್ದ, ದೊಡ್ಡ ಚೀಲ. ಮೆಣಸಿನಕಾಯಿ ಕರಿದು, ಎಲ್ಲರಿಗೂ ದಾವಣಗೆರೆ ರುಚಿ ತೋರಿಸೋಣ ಅಂತ ಖುಷಿಯಲ್ಲಿ ಚೀಲ ಬಿಚ್ಚಿ ಇಟ್ಟೆ. ಒಂದು ಗಂಟೆ ಬಿಟ್ಟು ನೋಡಿದರೆ ಮಂಡಕ್ಕಿ ಹತ್ತಿಯ ಹಾಗೆ ಮೆತ್ತಗಾಗಿದೆ! ಸಮುದ್ರದ ಗಾಳಿ. ನಮ್ಮೂರಿನ ಒಣ ಹವಾದಲ್ಲಿ ಎರಡು ದಿನ ಗರಿಗರಿ ಇರುವ ಮಂಡಕ್ಕಿ ಅಲ್ಲಿ ಒಂದು ಗಂಟೆ ಬಾಳಲಿಲ್ಲ. ಅಡುಗೆಮನೆಯ ತಮಿಳಿನ ಅಕ್ಕ ಏನೂ ಮಾತಾಡದೆ ದೊಡ್ಡ ಬಾಣಲೆ ಒಲೆಗೆ ಇಟ್ಟು, ಸಣ್ಣ ಉರಿಯಲ್ಲಿ ಒಂದೊಂದೇ ಹಿಡಿ ಹುರಿದು ಕೊಟ್ಟಳು. ಅವರ ಭಾಷೆಯಲ್ಲಿ ಅದು ಪೊರಿ. ಆಮೇಲೆ ನಮ್ಮಿಬ್ಬರ ಮಾತುಕತೆಗೆ ಮಂಡಕ್ಕಿ, ಪೊರಿ ಅನ್ನೋ ಎರಡು ಪದವೇ ಸಾಕಾಗುತ್ತಿತ್ತು.

ನವೆಂಬರ್ 1ಕ್ಕೆ ನಾನು ಒಂದು ಪುಟ್ಟ ಕನ್ನಡ ಬಾವುಟ ಮೇಜಿನ ಮೇಲೆ ಇಟ್ಟೆ. ಅಲ್ಲಿನವರೊಬ್ಬರು ನೋಡಿ, "ಇವತ್ತು ನಮ್ಮ ದಿನ ಕೂಡ, ಟೀಚರಮ್ಮ" ಅಂದರು. ತಿರುವಾಂಕೂರಿಗೆ ಸೇರಿದ್ದ ಕನ್ಯಾಕುಮಾರಿ ಮದ್ರಾಸು ರಾಜ್ಯಕ್ಕೆ ಬಂದದ್ದೂ 1956ರ ಅದೇ ದಿನ. ಅಷ್ಟು ವರ್ಷ ಮಕ್ಕಳಿಗೆ ರಾಜ್ಯೋತ್ಸವದ ಪಾಠ ಮಾಡಿದ್ದೀನಿ, ನನಗೇ ಗೊತ್ತಿರಲಿಲ್ಲ.

ಎಲ್ಲಾ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳು. ಎರಡನೇ ವರ್ಷ ನನ್ನ ದೊಡ್ಡಕ್ಕ ಹಿರಿಯೂರಿನಲ್ಲಿ ತೀರಿಕೊಂಡಳು. ಸಂಜೆ ಫೋನ್ ಬಂತು. ಅಷ್ಟು ದೂರದಿಂದ ಯಾವ ಬಂಡಿ ಹಿಡಿದು ಯಾವಾಗ ಬರೋದು? ಮೂರನೇ ದಿನದ ಹಾಲು-ತುಪ್ಪಕ್ಕೆ ಬಂದು ಮುಟ್ಟಿದೆವು. ಮುಖ ನೋಡಲಿಲ್ಲ. ಅದು ಈಗಲೂ ಇದೆ, ಇಲ್ಲಿ, ಎದೆಯಲ್ಲಿ. ಸೇವೆಗೆ ಹೋದವರಿಗೆ ದೇವರು ಇಂಥದ್ದನ್ನೆಲ್ಲಾ ಸರಿದೂಗಿಸುತ್ತಾನೆ ಅಂತ ಕೆಲವರು ಸಮಾಧಾನ ಹೇಳಿದರು. ನನಗೆ ಹಾಗೇನೂ ಅನ್ನಿಸಿಲ್ಲ.

ಡಿಸೆಂಬರ್, ಜನವರಿ ಬಂತು ಅಂದರೆ ಅಯ್ಯಪ್ಪ ಮಾಲಾಧಾರಿಗಳು. ಶಬರಿಮಲೆ ಮುಗಿಸಿಕೊಂಡು ಕನ್ಯಾಕುಮಾರಿಗೆ ಬಂದು ಹೋಗುತ್ತಾರೆ. ಸಾಲಾಗಿ ನಿಂತ ಗಾಡಿಗಳಲ್ಲಿ ನಮ್ಮವರು ನಂಬರ್ ಪ್ಲೇಟು ಓದುತ್ತಾ ಹೋಗುವರು. ಕೆಎ 16 ಕಂಡರೆ "ಚಿತ್ರದುರ್ಗ" ಅಂತ ಒಂದು ನಗು. ಕೆಎ 17 ಕಂಡರೆ ಮುಗಿಯಿತು, ಬೀಗದ ಕೈ ನನ್ನ ಕೈಗೆ ತುರುಕಿ ಓಟ. ಹಾಗೆ ಒಂದು ಸಲ ಹಿಡಕೊಂಡು ಬಂದದ್ದು ಯಾರನ್ನ ಅಂತೀರಿ, ನಮ್ಮದೇ ಬೀದಿಯ ಹುಡುಗ, ನನ್ನ ಹತ್ತಿರ ಅ ಆ ಇ ಈ ಕಲಿತವನು. ಕಪ್ಪು ಪಂಚೆ, ಗಡ್ಡ. ಕಾಲಿಗೆ ಬಿದ್ದ. ಎದ್ದು ಅತ್ತಿತ್ತ ನೋಡಿ, ಮೆಲ್ಲಗೆ, "ಟೀಚರ್, ಮನೇಲಿ ಎಲ್ಲಾ ಸರಿ ಇದೆ ಅಲ್ವಾ?" ಅಂದ. ಸಾವಿರ ಕಿಲೋಮೀಟರ್ ಹತ್ತಿರ ಹತ್ತಿರ ದೂರ ಬಂದರೂ ಪ್ರಶ್ನೆ ನಮ್ಮನ್ನು ಬಿಟ್ಟಿರಲಿಲ್ಲ. ಎಲ್ಲಾ ಸರಿ ಇದೆಯಪ್ಪಾ ಸ್ವಾಮಿ, ಮೊದಲು ಸ್ನಾನ ಮಾಡು, ಬಿಸಿನೀರು ಆಮೇಲೆ ಸಿಗಲ್ಲ ಅಂತ ಬಕೆಟ್ಟು ಕೊಟ್ಟು ಕಳಿಸಿದೆ.

ಒಂದು ಮಾತು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ. ಮದುವೆಯಾಗಿ ಮೂವತ್ತೈದು ವರ್ಷ ನಾವಿಬ್ಬರೂ ಒಂದೇ ಕೆಲಸ ಒಟ್ಟಿಗೆ ಮಾಡಿರಲಿಲ್ಲ. ಅವರದು ಬ್ಯಾಂಕು, ನನ್ನದು ಶಾಲೆ, ಮನೆ. ಅಲ್ಲಿ ಬೆಳಗ್ಗೆ ಒಣಗಿದ ಬೆಡ್‌ಶೀಟಿನ ಎರಡು ತುದಿ ಅವರು, ಎರಡು ತುದಿ ನಾನು ಹಿಡಿದು ಮಡಚುತ್ತಿದ್ದೆವು. ಸುತ್ತ ನವಿಲು ಕೂಗುತ್ತಿರುತ್ತಿತ್ತು. ಸಾಂಸಾರಿಕ ಅನ್ನೋ ಪದ ನನಗೆ ಅರ್ಥವಾಗಿದ್ದು ಈ ವಾನಪ್ರಸ್ಥದಲ್ಲೇ.

2024ರ ಮೇ ಕೊನೆಗೆ ವಾಪಸ್ ಬಂದೆವು. ಆಗ ಬಂಡೆಗೂ ತಿರುವಳ್ಳುವರ್ ಪ್ರತಿಮೆಗೂ ನಡುವೆ ಗಾಜಿನ ಸೇತುವೆ ಕಟ್ಟುತ್ತಿದ್ದರು, ಆ ಡಿಸೆಂಬರ್‌ನಲ್ಲಿ ಅದೂ ತೆರೆಯಿತು. ನಾವು ನೋಡಿಲ್ಲ. ಇಲ್ಲಿ ಮನೆಯಲ್ಲಿ ನಮ್ಮವರು ಗೋಡೆಗೆ ಮೊಳೆ ಹೊಡೆದು ಎಲ್ಲಾ ಬೀಗದ ಕೈಗೂ ಚೀಟಿ ಅಂಟಿಸಿದ್ದಾರೆ. ಸೊಸೆ ಸ್ಕೂಟಿ ಕೀ ತಗೊಂಡರೆ ಪುಸ್ತಕದಲ್ಲಿ ಬರೀಬೇಕಂತೆ. ಈಗ ಜಗಳ ಆಗುವ ಹಾಗಿದೆ ನೋಡಿ.

ಹೋದ ವಾರ ನಾದಿನಿ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ, ಕೊನೆಗೆ, "ಅತ್ತಿಗೆ, ಅಲ್ಲಿ ಸೊಳ್ಳೆ ಜಾಸ್ತಿನಾ?" ಅಂದಳು. ಹೂಂ, ಜಾಸ್ತಿ, ಯಾಕೆ ಕೇಳಿದೆ ಅಂದೆ.

"ಏನಿಲ್ಲ, ಸುಮ್ನೆ" ಅಂದಳು.

ನಮಸ್ಕಾರ.