ಬಸ್ಸಿಗೆ ಎರಡು ನಿಮಿಷವೂ ದೊಡ್ಡದು, ನಮ್ಮ ಅರ್ಧ ಗಂಟೆಗೆ ಬೆಲೆಯೇ ಇಲ್ಲ

ನಮಸ್ಕಾರ, ಎಲ್ರೂ ಹೇಗಿದ್ದೀರಿ? ಇದು ಮೂಲ್ಕಿ ಬಸ್ ಸ್ಟ್ಯಾಂಡ್. ಚಿತ್ರ ಮಬ್ಬಾಗಿ ಕಾಣ್ತಾ ಉಂಟಲ್ಲ, ಅದು ಫಿಲ್ಟರ್ ಅಲ್ಲ ಮಾರಾಯ್ರೆ, ಮಳೆನೀರು. ಒರೆಸಿದ್ದೇನೆ, ಒರೆಸಿದ ಕರ್ಚೀಫೂ ಒದ್ದೆ.

ಹಗಲು ಆಫೀಸು, ರಾತ್ರಿ ಅಂಗಡಿಯವರ ಲೆಕ್ಕ, ಮಧ್ಯದಲ್ಲಿ ಈ ವಿಡಿಯೋ. ಟೈಮ್ ಎಲ್ಲಿಂದ ತರ್ತೀರಿ ಅಂತ ಕೇಳ್ತೀರಲ್ಲ, ಇವತ್ತು ಅದೇ ವಿಷಯ. ತರುವುದು ಎಲ್ಲಿಂದ? ಇದ್ದದ್ದನ್ನೂ ಈ ಬಸ್ಸು ತಗೊಂಡು ಹೋಗ್ತದೆ.

ನೋಡಿ, ಇಂಜಿನ್ ಆನ್ ಉಂಟು, ಡ್ರೈವರ್ ಕೆಳಗೆ ನಿಂತಿದ್ದಾರೆ. ನಮ್ಮ ಮಂಗಳೂರು-ಉಡುಪಿ ಲೈನಿನಲ್ಲಿ ಪ್ರೈವೇಟ್ ಬಸ್ಸಿಗೆಲ್ಲ ನಿಮಿಷದ ಲೆಕ್ಕ. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಈ ಸ್ಟ್ಯಾಂಡ್ ಬಿಡಬೇಕು ಅಂತ ಉಂಟು. ಅದನ್ನು ನೋಡ್ಲಿಕ್ಕೆ ಟೈಮ್ ಕೀಪರ್ ಇರ್ತಾರೆ. ಬಸ್ಸು ನಿಂತ ತಕ್ಷಣ ಕಂಡಕ್ಟರ್ ಹಾರಿ ಓಡುವುದು ಅವರ ಹತ್ರ. ನಮಗಿಂತ ಮುಂಚೆ ಹೊರಡುವ ಮುಂದಿನ ಬಸ್ಸು ಎರಡು ನಿಮಿಷ ಜಾಸ್ತಿ ನಿಂತ್ರೆ ನಮ್ಮ ಬಸ್ಸಿಗೆ ಬರಬೇಕಾದ ಜನ ಅದಕ್ಕೆ ಹತ್ತಿ ಆಯ್ತು. ಇವತ್ತು ಅದೇ ಆದದ್ದು. ಆ ಶರ್ಟು ತೋಳು ಮಡಚಿದವರು ಮುಂದಿನ ಬಸ್ಸಿನವರು, ಈಚೆ ಸೀಟಿ ಕೈಯಲ್ಲಿ ಹಿಡ್ಕೊಂಡವರು ನಮ್ಮವರು. ತುಳುವಿನಲ್ಲಿ ಏನೇನು ಮಾತಾಡಿದ್ರೋ, ಆ ಆಡಿಯೋ ನಾನು ತೆಗೆದುಹಾಕಿದ್ದೇನೆ, ಅಮ್ಮ ಸಹ ಈ ವಿಡಿಯೋ ನೋಡ್ತಾರೆ.

ಎರಡು ನಿಮಿಷಕ್ಕೆ ಜಗಳ. ಆ ಜಗಳ ಮುಗೀಲಿಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು. ಟಿಕೇಟು ತಗೊಂಡು ಒಳಗೆ ಕೂತವರ ನಿಮಿಷ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಹೊರಟ ಮೇಲಾದ್ರೂ ಹೋಗ್ತದಾ? ಇಲ್ಲ. ಮುಂದಿನ ಬಸ್ಸು ಜನ ಬಾಚಿಕೊಂಡು ಹೋದದ್ದರಿಂದ ನಮ್ಮದು ಹಳೆಯಂಗಡಿಯವರೆಗೆ ತೆವಳುವುದು, ಕೊಡೆ ಹಿಡಿದು ಸುಮ್ನೆ ನಿಂತವರನ್ನೂ ಕರೆಯುವುದು. ಮುಕ್ಕ ದಾಟಿದ ಮೇಲೆ ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡಿತು. ಆಮೇಲೆ ನೋಡಿ, ಸುರತ್ಕಲ್ ಯಾವಾಗ ಬಂತು, ಪಣಂಬೂರು ಯಾವಾಗ ಹೋಯ್ತು, ಗೊತ್ತಿಲ್ಲ. ಕ್ಯಾಮರಾ ಅಲ್ಲಾಡಿದ್ದಕ್ಕೆ ಕ್ಷಮಿಸಿ, ನಾನೂ ಅಲ್ಲಾಡ್ತಾ ಇದ್ದೆ. ಕೂಳೂರು ಸೇತುವೆಯಲ್ಲಿ ಮೂರೂ ಬಸ್ಸು ಒಂದರ ಹಿಂದೆ ಒಂದು ಬ್ಲಾಕಿನಲ್ಲಿ. ಜಗಳ ಆಡಿದ್ದು ಯಾಕೆ ಹಾಗಾದ್ರೆ?

ಬಸ್ಸಿನಲ್ಲಿ ಏನಾದ್ರೂ ಕಲಿಯಿರಿ, ಪಾಡ್‌ಕಾಸ್ಟ್ ಕೇಳಿ ಅಂತ ಹೇಳುವವರು ಇದ್ದಾರೆ. ಅವರು ಎಕ್ಸ್‌ಪ್ರೆಸ್ಸಿನಲ್ಲಿ ನಿಂತು ಬಂದವರಲ್ಲ. ಸೀಟು ಸಿಕ್ಕಿದ್ರೆ ನಾನು ನಿದ್ದೆ ಮಾಡ್ತೇನೆ, ಅದೇ ಪ್ರೊಡಕ್ಟಿವ್. ಸ್ಕೂಟರ್? ಹೋಗಿ ಬರ್ಲಿಕ್ಕೆ 50 ಕಿಲೋಮೀಟರ್ ಹತ್ತಿರ, ಈ ಮಳೆಯಲ್ಲಿ, ಹೈವೇಯಲ್ಲಿ, ಲಾರಿಗಳ ಮಧ್ಯೆ. ಬೇಡಪ್ಪ. ಚಳಿಗಾಲದಲ್ಲಿ ನೋಡುವ.

ಇದು ಕೊಟ್ಟಾರ ಚೌಕಿ. ಆಫೀಸಿನ ಒಳಗೆ ಶೂಟ್ ಮಾಡ್ಲಿಕ್ಕಿಲ್ಲ, ಹಾಗಾಗಿ ಸೀದಾ ಸಂಜೆ.

ಮೀನು ಮಾರ್ಕೆಟ್ ಶಾಟ್ ಇಟ್ಟಿದ್ದೇನೆ, ತಗೊಂಡದ್ದು ಏನೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಬಂಗುಡೆ ರೇಟು ಕೇಳಿದ್ರೆ ತಲೆ ತಿರುಗ್ತದೆ. ಆ ಎರಡು ತಿಂಗಳು ನಮ್ಮಲ್ಲಿ ಒಣಮೀನು ಚಟ್ನಿ. ಉಳಿತಾಯ ಅಂತ ಬೇರೆ ಮಾಡ್ಲಿಕ್ಕಿಲ್ಲ, ಸರಕಾರವೇ ಮಾಡಿಸ್ತದೆ.

ಆಯ್ತು, ಉಳಿತಾಯಕ್ಕೆ ಬರುವ. ನನ್ನ ಗುರಿ ಒಂದೇ. ಅಮ್ಮನ ಬಳೆ ಸಹಕಾರಿ ಸೊಸೈಟಿಯಲ್ಲಿ ಅಡವು ಉಂಟು, ಅದನ್ನು ಬಿಡಿಸಬೇಕು. ಪ್ರತಿವರ್ಷ ಬಡ್ಡಿ ಕಟ್ಟಿ ರಿನೀವಲ್ ಮಾಡ್ಲಿಕ್ಕೆ ಹೋದಾಗ ಕೌಂಟರಿನಲ್ಲಿ ಒಂದೇ ಮಾತು, "ಚಿನ್ನಕ್ಕೆ ರೇಟು ಬಂದಿದೆ ಅಕ್ಕ, ಇನ್ನೂ ಸ್ವಲ್ಪ ತಗೊಳ್ಬಹುದು." ಆಸೆ ಆಗ್ತದೆ, ಸುಳ್ಳು ಹೇಳುವುದಿಲ್ಲ. ಅದೇ ಬಳೆಯ ಮೇಲೆ ಸಾಲ ಬೆಳೀತಾ ಹೋದ್ರೆ ಬಳೆ ಮನೆಗೆ ಬರುವುದು ಯಾವಾಗ?

ಪಿಪಿಎಫ್, ಅಂದ್ರೆ ಸರಕಾರದ ದೀರ್ಘಾವಧಿ ಉಳಿತಾಯ ಖಾತೆ, ಮಾಡ್ತೀರಾ ಅಂತ ಕೇಳಿದ್ರಿ. ನನ್ನ ಅಭಿಪ್ರಾಯ ನೇರ. ಅಡವಿನ ಬಡ್ಡಿ ಪಿಪಿಎಫ್ ಬಡ್ಡಿಗಿಂತ ಹೆಚ್ಚು ಇರುವಾಗ ಪಿಪಿಎಫ್‌ಗೆ ತುಂಬಿಸುವುದು ದಡ್ಡತನ. ವರ್ಷಕ್ಕೆ 500 ರೂಪಾಯಿ ಹಾಕಿದ್ರೆ ಖಾತೆಗೆ ಜೀವ ಇರ್ತದೆ, ಸಾಕು. ಸಾಲ ಇಲ್ಲದವರು ಹಾಕಿ, ಆದ್ರೆ ತಿಂಗಳ 5ನೇ ತಾರೀಕಿನ ಒಳಗೆ ಹಾಕಿ. 5ರ ನಂತರ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಇತ್ತೋ ಅಷ್ಟಕ್ಕೇ ಆ ತಿಂಗಳ ಬಡ್ಡಿ. 6ಕ್ಕೆ ಹಾಕಿದ ದುಡ್ಡಿಗೆ ಆ ತಿಂಗಳು ಏನೂ ಇಲ್ಲ. ಒಂದೂವರೆ ಲಕ್ಷ ಒಟ್ಟಿಗೆ ಹಾಕುವವರಿಗೆ ಶೇ. 7.1ರಲ್ಲಿ 887 ರೂಪಾಯಿ ಅಲ್ಲಿಗೇ ಹೋಯ್ತು. ಒಂದು ದಿನ ತಡ ಆದದ್ದಕ್ಕೆ ಇಷ್ಟು ಸರಿಯಾಗಿ ರೇಟು ಹಾಕುವವರು ಬೇರೆ ಯಾರೂ ಇಲ್ಲ.

ಇದು ಪಕ್ಕದ ಅಂಗಡಿ, ಬ್ಯಾಗು ಹಾಕಿಕೊಂಡವರು ಪಿಗ್ಮಿಯವರು, ದಿನಾ ಬಾಗಿಲಿಗೆ ಬಂದು ಸಣ್ಣ ಸಣ್ಣ ಉಳಿತಾಯದ ದುಡ್ಡು ತಗೊಂಡು ಹೋಗುವವರು. ಮುಖ ಬ್ಲರ್ ಮಾಡಿದ್ದೇನೆ, ಅವರಿಗೆ ನಾಚಿಕೆ. ಪಿಗ್ಮಿ ಅಂದ್ರೆ ನಮ್ಮ ಉಡುಪಿಯ ಐಡಿಯಾ, ಗೊತ್ತುಂಟಲ್ಲ? ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆ ಕೊಟ್ಟರೂ ಮನೆಗೇ ಬಂದು ತಗೊಂಡು ಹೋಗ್ತಿದ್ರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್‌ಗೆ ಸೇರಿತು, ಪಿಗ್ಮಿ ಅನ್ನುವ ಹೆಸರು ಎಲ್ಲ ಸೊಸೈಟಿಯಲ್ಲೂ ಉಳಿಯಿತು.

ನಾನು ಪಿಗ್ಮಿಗೆ ವಿರೋಧ. ಬಡ್ಡಿ ಕಡಿಮೆ, ಮಧ್ಯದಲ್ಲಿ ತೆಗೆದ್ರೆ ಅದೂ ಕಟ್. ಮೊಬೈಲಿನಲ್ಲೇ ಆರ್‌ಡಿ, ಅಂದ್ರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡ್ಬಹುದು ಅಂತ ಅಮ್ಮನ ಹತ್ರ ವಾದ ಮಾಡಿದ್ದೇನೆ. ಆದ್ರೆ ಅಮ್ಮ ದಿನಾ 50 ರೂಪಾಯಿ ಕೊಡುವುದು ತಪ್ಪುವುದಿಲ್ಲ. ಯಾಕೆಂದ್ರೆ ಸಂಜೆ ಆದ್ರೆ ಬಾಗಿಲಲ್ಲಿ ಒಬ್ಬರು ನಿಂತು "ಅಕ್ಕಾ" ಅಂತ ಕರೀತಾರೆ. ಆ್ಯಪ್ ಕರೀತದಾ? ಕರೀತದೆ, ನಾವು ಒರೆಸಿ ಹಾಕ್ತೇವೆ. ಮಳೆಯಲ್ಲಿ ನೆನೆದು ಬಂದವರಿಗೆ ನಾಳೆ ಬನ್ನಿ ಅಂತ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಹಾಗಾಗಿ, ಸರಿ, ಪಿಗ್ಮಿ ಇರ್ಲಿ. ವಿರೋಧ ವಾಪಸ್.

ಈಗ ರಾತ್ರಿ. ಈ ಜವಳಿ ಅಂಗಡಿ ಚೀಲದಲ್ಲಿ ಇರುವುದು ಸೀರೆ ಅಲ್ಲ, ಬಿಲ್ಲುಗಳು. ಪ್ರೊಡಕ್ಟಿವಿಟಿ ಆ್ಯಪ್, ಬಣ್ಣದ ಪ್ಲಾನರ್, ಎಂತದೂ ನನ್ನ ಹತ್ರ ಇಲ್ಲ. ಜಿಎಸ್‌ಟಿಯವರೇ ನನ್ನ ಪ್ಲಾನರ್. ತಿಂಗಳು ತಿಂಗಳು ರಿಟರ್ನ್ ಹಾಕುವ ಅಂಗಡಿಗೆ 11ಕ್ಕೆ ಮಾರಾಟದ ವಿವರ, 20ಕ್ಕೆ 3ಬಿ, ಅಂದ್ರೆ ತೆರಿಗೆ ಕಟ್ಟುವ ರಿಟರ್ನ್. ತಪ್ಪಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಒಬ್ಬರು ಅಣ್ಣ ಇದ್ದಾರೆ, 19ಕ್ಕೆ ರಾತ್ರಿ ಊಟ ಆದ ಮೇಲೆ ಖರೀದಿ ಬಿಲ್ಲು ಕಳಿಸುವುದು, ಅದೂ ವಾಟ್ಸಾಪಿನಲ್ಲಿ, ಅಡ್ಡಡ್ಡ ಫೋಟೋ. ಮೊದ್ಲು ಸುಮ್ನೆ ಮಾಡ್ತಿದ್ದೆ. ಈಗ ಹೇಳಿಬಿಟ್ಟಿದ್ದೇನೆ, 15ರ ನಂತರ ಕೊಟ್ಟ ಬಿಲ್ಲಿಗೆ ಚಾರ್ಜು ಬೇರೆ. ಅಣ್ಣ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ 14ಕ್ಕೇ ಕಳಿಸಿದ್ರು, ಫೋಟೋ ಮಾತ್ರ ಅಡ್ಡವೇ.

ಆ ಹೆಚ್ಚಿನ ಚಾರ್ಜು, ಲೆಕ್ಕದ ಕೆಲಸದ ದುಡ್ಡು ಎಲ್ಲ ಬಂದ ದಿನವೇ ಅಡವಿಗೆ ಹೋಗ್ತದೆ. ಬಡ್ಡಿ ಅಲ್ಲ, ಅಸಲಿಗೆ. ವರ್ಷದ ಮಧ್ಯದಲ್ಲಿ ಸ್ವಲ್ಪ ಸ್ವಲ್ಪ ಕಟ್ಟಬಹುದಾ ಅಂತ ನಿಮ್ಮ ಸೊಸೈಟಿಯಲ್ಲಿ ಕೇಳಿ ನೋಡಿ. ನಮ್ಮಲ್ಲಿ ಆಗ್ತದೆ, ಆದ್ರೆ ಅವರಾಗಿ ಹೇಳುವುದಿಲ್ಲ.

ಅಯ್ಯೋ, ಕರೆಂಟು ಹೋಯ್ತು. ಲ್ಯಾಪ್‌ಟಾಪಿನಲ್ಲಿ ಚಾರ್ಜು ಉಂಟು, ಕ್ಯಾಮರಾದಲ್ಲಿ ಇಲ್ಲ. ಬಾಕಿ ಬಿಲ್ಲು ಮುಗಿಸ್ತೇನೆ. ಮುಂದಿನ ವಿಡಿಯೋದಲ್ಲಿ ಅಮ್ಮನ ಒಣಮೀನು ಚಟ್ನಿ ಇರ್ತದೆ, ಲೆಕ್ಕ ಇರುವುದಿಲ್ಲ, ಹೆದರ್ಬೇಡಿ. ಬರ್ತೇನೆ.