ತಂಡದ ಮಿದುಳನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ನರವಿಜ್ಞಾನ, ನಾಯಕತ್ವ. ಈ ಎರಡು ಪದ ಒಟ್ಟಿಗೆ ಬಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ‘ಒಳ್ಳೆಯ ನಾಯಕರ ಮಿದುಳು ಬೇರೆ ಥರ ಇರುತ್ತದಾ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದಾ?’ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗೊತ್ತಾಗುವುದಿಲ್ಲ. ಒಬ್ಬರ ಮಿದುಳಿನ ಚಿತ್ರ ನೋಡಿ ‘ಇವರು ತಂಡ ನಡೆಸಬಲ್ಲರು, ಇವರ ಕೈಲಿ ಆಗದು’ ಎಂದು ಹೇಳುವ ವಿದ್ಯೆ ಇವತ್ತು ಯಾರ ಬಳಿಯೂ ಇಲ್ಲ. ಆದರೆ ಮೂರು ನಾಲ್ಕು ಜನ ಸೇರಿ ಕೆಲಸ ಮಾಡುವಾಗ ಅವರೆಲ್ಲರ ಮಿದುಳನ್ನು ಒಟ್ಟಿಗೆ ಅಳೆದರೆ, ಒಬ್ಬೊಬ್ಬರನ್ನೇ ನೋಡಿದಾಗ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ನನಗೆ ಈ ಕ್ಷೇತ್ರದಲ್ಲಿ ಆಸಕ್ತಿ ಹುಟ್ಟಿಸಿದ್ದೇ ಅದು.

ಮೊದಲು ಉಪಕರಣಗಳ ಬಗ್ಗೆ ಒಂದೆರಡು ಮಾತು. ಎಫ್‌ಎಂಆರ್‌ಐ ಎಲ್ಲರಿಗೂ ಗೊತ್ತಿರುವ ಹೆಸರು, ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್. ಅದು ನರಕೋಶಗಳನ್ನು ನೇರವಾಗಿ ನೋಡುವುದಿಲ್ಲ. ರಕ್ತದಲ್ಲಿನ ಆಮ್ಲಜನಕ ಎಲ್ಲಿ ಹೆಚ್ಚು ಕಡಿಮೆ ಆಗುತ್ತಿದೆ ಎಂದು ನೋಡುತ್ತದೆ. ನರಕೋಶ ಚುರುಕಾದ ಮೇಲೆ ಆ ಬದಲಾವಣೆ ಜೋರಾಗಿ ಕಾಣಲು ಐದಾರು ಸೆಕೆಂಡ್ ಬೇಕು. ಜೊತೆಗೆ ಕೊಳವೆಯೊಳಗೆ ಅಲುಗಾಡದೆ ಮಲಗಿರಬೇಕು. ತಂಡದ ಕೆಲಸ ನೋಡಲು ಇದು ಒಗ್ಗುವುದಿಲ್ಲ. 1924ರಲ್ಲಿ ಹಾನ್ಸ್ ಬರ್ಗರ್ ಮನುಷ್ಯರ ಮೇಲೆ ಮೊದಲು ಮಾಡಿದ ಇಇಜಿಯಲ್ಲಿ ತಲೆಗೆ ಎಲೆಕ್ಟ್ರೋಡ್ ಇಟ್ಟು ವಿದ್ಯುತ್ ಏರಿಳಿತ ಹಿಡಿಯುತ್ತಾರೆ. ಅದು ಬಲು ವೇಗ, ಮಿಲಿಸೆಕೆಂಡ್ ಲೆಕ್ಕ. ಆದರೆ ಸಂಕೇತ ಮಿದುಳಿನ ಯಾವ ಭಾಗದಿಂದ ಬಂತು ಎಂದು ಸ್ಪಷ್ಟವಾಗಿ ಹೇಳುವುದು ಕಷ್ಟ. ಕಣ್ಣು ಮಿಟುಕಿಸಿದರೂ, ದವಡೆ ಬಿಗಿದರೂ ದಾಖಲೆ ಕೆಡುತ್ತದೆ. ಮೂರನೆಯದು ಎಫ್‌ಎನ್‌ಐಆರ್‌ಎಸ್. ಟೋಪಿಯಂಥ ಸಾಧನದಿಂದ ತಲೆಯೊಳಗೆ ಅವಗೆಂಪು ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ಎಂದು ನೋಡುತ್ತದೆ. ಅದರಿಂದ ಇಲ್ಲೂ ರಕ್ತದ ಆಮ್ಲಜನಕವೇ ಅಂದಾಜಾಗುತ್ತದೆ. ಮಿದುಳಿನ ಹೊರಪದರ ಮಾತ್ರ ಸಿಗುತ್ತದೆ, ಒಳಗಿನದ್ದು ಸಿಗುವುದಿಲ್ಲ. ಆದರೆ ಜನ ಎದುರುಬದುರು ಕೂತು ಆರಾಮಾಗಿ ಮಾತಾಡಬಹುದು. ತಂಡದ ಅಧ್ಯಯನಕ್ಕೆ ಇದು ದೊಡ್ಡ ಅನುಕೂಲ.

ಒಬ್ಬರಿಗಿಂತ ಹೆಚ್ಚು ಜನರ ಮಿದುಳನ್ನು ಒಂದೇ ಹೊತ್ತಿಗೆ ಅಳೆಯುವುದಕ್ಕೆ ಹೈಪರ್‌ಸ್ಕ್ಯಾನಿಂಗ್ ಎನ್ನುತ್ತಾರೆ. 2002ರಲ್ಲಿ ರೀಡ್ ಮಾಂಟೆಗ್ ಮತ್ತು ಸಂಗಡಿಗರು ಎರಡು ಸ್ಕ್ಯಾನರ್‌ಗಳನ್ನು ಜೋಡಿಸಿ, ಇಬ್ಬರಿಗೆ ಒಂದು ಆಟ ಆಡಿಸಿ ಇದನ್ನು ತೋರಿಸಿದರು.

ಈಗ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗಕ್ಕೆ ಬರುತ್ತೇನೆ. 2015ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದ್ದು. ಮೂವರು ಮೂವರ ತಂಡಗಳು, ಒಟ್ಟು 11. ತಲೆಗೆ ಎಫ್‌ಎನ್‌ಐಆರ್‌ಎಸ್ ಟೋಪಿ. ಒಂದು ವಿಷಯ ಕೊಟ್ಟು ‘ಚರ್ಚೆ ಮಾಡಿ’ ಎಂದರು. ಮುಂದಾಳು ಯಾರು ಎಂದು ಯಾರೂ ಹೇಳಲಿಲ್ಲ. ಇಂಥ ಚರ್ಚೆಯಲ್ಲಿ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು, ಅಲ್ವಾ? ಯಾರೋ ಒಬ್ಬರು ತಾವಾಗಿಯೇ ಮುಂದೆ ಬರುತ್ತಾರೆ. ಅವರು ಯಾರು ಎನ್ನುವುದನ್ನು ಚರ್ಚೆಯ ವಿಡಿಯೊ ನೋಡಿದ ಬೇರೆಯವರು ಗುರುತಿಸಿದರು. ಆಮೇಲೆ ಮಿದುಳಿನ ದಾಖಲೆ ತೆಗೆದು ನೋಡಿದರು. ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಟೆಂಪೊರೊ-ಪರೈಟಲ್ ಜಂಕ್ಷನ್ ಎಂಬ ಭಾಗವಿದೆ. ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಅಂದಾಜು ಮಾಡುವಾಗ ಇದು ಚುರುಕಾಗುತ್ತದೆ. ಈ ಭಾಗದ ಏರಿಳಿತ ಮುಂದಾಳು ಮತ್ತು ಅನುಯಾಯಿಯ ನಡುವೆ ಹೆಚ್ಚು ಸಿಂಕ್ ಆಗಿತ್ತು, ಅಂದರೆ ಇಬ್ಬರಲ್ಲೂ ಹೊಂದಿಕೊಂಡು ಸಾಗಿತ್ತು. ಅನುಯಾಯಿಗಳಿಬ್ಬರ ನಡುವೆ ಅಷ್ಟಿರಲಿಲ್ಲ. ಮುಂದಾಳು ಮಾತು ಶುರು ಮಾಡಿದಾಗ ಅದು ಇನ್ನೂ ಜಾಸ್ತಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಎರಡು ಮಿದುಳು ಸಿಂಕ್ ಆದವು ಎಂದರೆ ಅವುಗಳ ನಡುವೆ ಯಾವುದೋ ಅಲೆ ಹರಿಯಿತು ಎಂದಲ್ಲ. ಒಂದೇ ಸದ್ದು ಕೇಳಿದ ಇಬ್ಬರ ಮಿದುಳಲ್ಲೂ ಒಂದೇ ಥರದ ಏರಿಳಿತ ಬರಬಹುದು. ಈ ಪ್ರಯೋಗದ ಸೊಗಸು ಇರುವುದು ಅಲ್ಲೇ. ಮೂವರೂ ಒಂದೇ ಕೋಣೆಯಲ್ಲಿದ್ದರು, ಅದೇ ಮಾತು ಮೂವರ ಕಿವಿಗೂ ಬಿದ್ದಿತ್ತು. ಆದರೂ ಜೋಡಿಯಿಂದ ಜೋಡಿಗೆ ವ್ಯತ್ಯಾಸ ಕಂಡಿತು. ಇನ್ನೊಂದು ವಿಷಯ. ಆ ಸಿಂಕ್‌ಗೆ ನಂಟಿದ್ದದ್ದು ಮುಂದಾಳು ಎಷ್ಟು ಸಲ ಮಾತಾಡಿದರು ಎನ್ನುವುದಕ್ಕಲ್ಲ, ಎಷ್ಟು ಚೆನ್ನಾಗಿ ಮಾತಾಡಿದರು ಎನ್ನುವುದಕ್ಕೆ. ಮೀಟಿಂಗಿನಲ್ಲಿ ಜಾಸ್ತಿ ಮಾತಾಡುವವರನ್ನೇ ನಾಯಕ ಗುಣದವರು ಎಂದು ಬಡ್ತಿ ಕೊಡುವವರು ಈ ಸಾಲನ್ನು ಎರಡು ಸಲ ಓದಬೇಕು ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಹಿನ್ನೆಲೆಯಾಗಿ 2010ರ ಒಂದು ಕೆಲಸವಿದೆ, ಯೂರಿ ಹ್ಯಾಸನ್ ಅವರ ಗುಂಪಿನದು. ಒಬ್ಬರು ಸ್ಕ್ಯಾನರಿನಲ್ಲಿ ತಮ್ಮ ಬದುಕಿನ ಕಥೆ ಹೇಳಿದರು. ಅದರ ಧ್ವನಿಮುದ್ರಣವನ್ನು ಬೇರೆಯವರು ಸ್ಕ್ಯಾನರಿನಲ್ಲಿ ಕೇಳಿದರು. ಕೇಳುವವರ ಮಿದುಳು ಸ್ವಲ್ಪ ತಡವಾಗಿ ಹೇಳುವವರ ಮಿದುಳನ್ನು ಹಿಂಬಾಲಿಸಿತು. ಕೆಲವು ಭಾಗಗಳಲ್ಲಿ ಹೇಳುವವರಿಗಿಂತ ಮುಂದೆಯೇ ಹೋಗಿತ್ತು. ಹಾಗೆ ಮುಂದೆ ಹೋದವರಿಗೆ ಕಥೆ ಹೆಚ್ಚು ಅರ್ಥವಾಗಿತ್ತು. ಕಥೆ ಅವರಿಗೆ ತಿಳಿಯದ ರಷ್ಯನ್ ಭಾಷೆಯಲ್ಲಿದ್ದಾಗ ಈ ಜೋಡಣೆ ಉಳಿಯಲಿಲ್ಲ. ಅಂದರೆ ಬರೀ ಸದ್ದಿನಿಂದ ಇದು ಆಗುವುದಿಲ್ಲ, ತಿಳಿವು ಬೇಕು.

ತಂಡದ ಫಲಿತಾಂಶಕ್ಕೂ ಇದಕ್ಕೂ ಸಂಬಂಧ ಇದೆಯಾ? 2021ರಲ್ಲಿ ರೈನೆರೊ, ಡಿಕ್ಕರ್ ಮತ್ತು ವಾನ್ ಬಾವೆಲ್ 174 ಜನರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಇಇಜಿ ಹಾಕಿ, ಸಮಸ್ಯೆ ಬಿಡಿಸಲು ಕೊಟ್ಟರು. ‘ನಿಮ್ಮ ತಂಡದ ಬಗ್ಗೆ ಎಷ್ಟು ನಮ್ಮದು ಎಂಬ ಭಾವನೆ ಇದೆ?’ ಎಂದೂ ಕೇಳಿದರು. ಆ ಉತ್ತರಗಳಿಂದ ಯಾವ ತಂಡ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತಿಳಿಯಲಿಲ್ಲ. ಮಿದುಳುಗಳ ಸಿಂಕ್‌ನಿಂದ ತಿಳಿಯಿತು. ಫಾರ್ಮ್ ತುಂಬಿಸಿ ತಂಡದ ಒಗ್ಗಟ್ಟು ಅಳೆಯುವ ನಮ್ಮ ರೂಢಿಯ ಬಗ್ಗೆ ಇದು ಗಂಭೀರವಾದ ಪ್ರಶ್ನೆ ಎತ್ತುತ್ತದೆ. ಆದರೆ ಸಿಂಕ್ ಇದ್ದದ್ದರಿಂದಲೇ ಕೆಲಸ ಚೆನ್ನಾಯಿತಾ, ಕೆಲಸ ಚೆನ್ನಾಗಿ ಸಾಗುತ್ತಿದ್ದದ್ದರಿಂದ ಸಿಂಕ್ ಆಯಿತಾ ಎನ್ನುವುದು ಇದರಿಂದ ಇತ್ಯರ್ಥವಾಗುವುದಿಲ್ಲ.

ಇನ್ನು ಎಚ್ಚರಿಕೆಯ ಮಾತು. ‘ಅಮಿಗ್ಡಲಾ ಚುರುಕಾಯಿತು, ಆದ್ದರಿಂದ ಉದ್ಯೋಗಿಗೆ ಭಯವಾಗಿದೆ’ ಎಂಬಂಥ ವಾಕ್ಯಗಳನ್ನು ತರಬೇತಿ ಶಿಬಿರಗಳಲ್ಲಿ ಕೇಳಿರುತ್ತೀರಿ. ಇದು ತಪ್ಪು ದಾರಿ. ಅಮಿಗ್ಡಲಾ ಎನ್ನುವುದು ಮಿದುಳಿನ ಒಳಗಿನ ಒಂದು ಸಣ್ಣ ಭಾಗ. ಅದು ಭಯಕ್ಕೆ ಮಾತ್ರವಲ್ಲ, ಖುಷಿ ಕೊಡುವ ಸಂಗತಿಗೂ, ಹೊಸದಕ್ಕೂ ಚುರುಕಾಗುತ್ತದೆ. ಹೀಗೆ ಮಿದುಳಿನ ಭಾಗದಿಂದ ಹಿಮ್ಮುಖವಾಗಿ ಮನಸ್ಸಿಗೆ ಹೋಗುವ ತರ್ಕವನ್ನು ರಸೆಲ್ ಪೋಲ್ಡ್ರಾಕ್ 2006ರಲ್ಲೇ ಬಿಡಿಸಿ ಟೀಕಿಸಿದ್ದರು. 2020ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಒಂದೇ ಎಫ್‌ಎಂಆರ್‌ಐ ದತ್ತಾಂಶವನ್ನು 70 ಸಂಶೋಧಕ ತಂಡಗಳಿಗೆ ಕೊಟ್ಟು 9 ಊಹೆಗಳನ್ನು ಪರೀಕ್ಷಿಸಲು ಹೇಳಿದರು. ಎಲ್ಲರ ವಿಶ್ಲೇಷಣೆಯ ದಾರಿ ಬೇರೆ ಬೇರೆ, ಹಲವು ಊಹೆಗಳ ಮೇಲೆ ತೀರ್ಮಾನವೂ ಬೇರೆ ಬೇರೆ. ಪರಿಣತರ ನಡುವೆಯೇ ಹೀಗಿರುವಾಗ, ಮಿದುಳು ಅಳೆಯಲು ಹಣೆಗೆ ಕಟ್ಟುವ ಒಂದು ಪಟ್ಟಿಯ ದಾಖಲೆ ನೋಡಿ ಯಾರ ಕೆಲಸವನ್ನಾದರೂ ನಿರ್ಧರಿಸಬಹುದೇ? ಖಂಡಿತ ಕೂಡದು. ನೇಮಕಾತಿಗೂ ಬೇಡ, ಬಡ್ತಿಗೂ ಬೇಡ.

ಕಾನೂನು ನಿಧಾನವಾಗಿ ಎಚ್ಚೆತ್ತುಕೊಳ್ಳುತ್ತಿದೆ. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಜಾಗದಲ್ಲಿ ಜನರ ಭಾವನೆಗಳನ್ನು ಊಹಿಸುವ ಎಐ ವ್ಯವಸ್ಥೆಗಳನ್ನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ.

ಈ ಪ್ರಯೋಗಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಸಮಯದ್ದು. ಸ್ವಲ್ಪ ಹೊತ್ತು ಕೂಡುವ ಜನರ ನಡುವೆ ಸಂಬಳದ ತಾರತಮ್ಯ ಇರುವುದಿಲ್ಲ, ಹಳೆಯ ಮುನಿಸು ಇರುವುದಿಲ್ಲ, ನಾಳೆ ಅದೇ ಬಾಸ್ ಮುಂದೆ ನಿಲ್ಲಬೇಕೆಂಬ ಅಳುಕೂ ಇರುವುದಿಲ್ಲ. ನಿಜವಾದ ತಂಡದಲ್ಲಿ ಇವೆಲ್ಲ ಇರುತ್ತವೆ. ದಾರಿ ಇದೆ. 2017ರಲ್ಲಿ ಸುಝಾನ್ ಡಿಕ್ಕರ್ ಮತ್ತು ಸಂಗಡಿಗರು ಒಂದು ಹೈಸ್ಕೂಲಿನ 12 ವಿದ್ಯಾರ್ಥಿಗಳನ್ನು, ಅವರ ತರಗತಿಯಲ್ಲೇ, ಒಂದೇ ಸೆಮಿಸ್ಟರಿನ 11 ಪಾಠಗಳಲ್ಲಿ ಸಣ್ಣ ಇಇಜಿ ಸಾಧನಗಳಿಂದ ಅಳೆದರು. ಮಕ್ಕಳು ಪಾಠದಲ್ಲಿ ಹೆಚ್ಚು ಮುಳುಗಿದಾಗ ಸಿಂಕ್ ಹೆಚ್ಚಿತ್ತು. ಪಾಠಕ್ಕೆ ಮೊದಲು ಸ್ವಲ್ಪ ಹೊತ್ತು ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡಿದ ಜೋಡಿಗಳಲ್ಲೂ ಹೆಚ್ಚಿತ್ತು. ಕೆಲಸದ ತಂಡಗಳಲ್ಲಿ ಇಂಥದ್ದೇ ತಿಂಗಳುಗಟ್ಟಲೆಯ ಅಧ್ಯಯನ ಆಗಬೇಕು. ಬೇಡ ಎನ್ನುವವರು ಯಾವಾಗ ಬೇಕಾದರೂ ಹೊರಬರುವಂತಿರಬೇಕು. ಯಾರ ಮಿದುಳಿನ ದಾಖಲೆಯೂ ಅವರ ಮೇಲಧಿಕಾರಿಯ ಕೈಗೆ ಹೋಗಬಾರದು. ಈ ಎರಡಕ್ಕೂ ಒಪ್ಪುವ ಸಂಸ್ಥೆ ಇದ್ದರೆ, ಅಂಥ ಅಧ್ಯಯನಕ್ಕೆ ಮೊದಲು ಟೋಪಿ ಹಾಕಿಕೊಂಡು ಕೂರಲು ನಾನು ಸಿದ್ಧ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.